ಹೊಲೊಡೊಮೊರ್ ಸಿನಿಮಾಗಳು: ಮೊದಲು ‘ಮಿಸ್ಟರ್ ಜೋನ್ಸ್’ ನೋಡಿ

ಉಕ್ರೇನಿನ ಹೊಲೊಡೊಮೊರ್, ಅಂದರೆ 1932-33ರಲ್ಲಿ ಅಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಕ್ಷಾಮದ ಬಗ್ಗೆ ಯಾವ ಸಿನಿಮಾ ನೋಡಬಹುದು ಅಂತ ಸಾಗರದ ಗೆಳೆಯರು ಕೇಳ್ತಾ ಇದ್ದರು. ಒಂದೇ ನೋಡೋದಾದರೆ ಅಗ್ನೀಷ್ಕಾ ಹಾಲೆಂಡ್ ನಿರ್ದೇಶನದ ‘ಮಿಸ್ಟರ್ ಜೋನ್ಸ್’ ನೋಡಿ. 2019ರದ್ದು.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಆದದ್ದು ಮಳೆ ಕೈಕೊಟ್ಟು ಬಂದ ಬರ ಅಲ್ಲ. ಉಕ್ರೇನ್ ಆಗ ಸೋವಿಯತ್ ಒಕ್ಕೂಟದಲ್ಲಿತ್ತು. ಅದನ್ನು ಆಳುತ್ತಿದ್ದ ಸ್ಟಾಲಿನ್ ಸರ್ಕಾರ ರೈತರ ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಎಳೆದುಕೊಂಡಿತು, ಇಷ್ಟು ಧಾನ್ಯ ಕೊಡಲೇಬೇಕು ಅಂತ ಮನೆಮನೆಗೆ ನುಗ್ಗಿ ಕಿತ್ತುಕೊಂಡಿತು. ಸಾಮೂಹಿಕ ಹೊಲದಲ್ಲಿ ನಾಲ್ಕು ತೆನೆ ಆರಿಸಿಕೊಂಡರೂ ಜೈಲು, ಇಲ್ಲಾ ಗುಂಡು. 1933ರ ಜನವರಿಯಿಂದ ರೈತರು ಊರು ಬಿಟ್ಟು ಹೋಗೋದಕ್ಕೂ ತಡೆ. ಅದೇ ಹೊತ್ತಿಗೆ ಧಾನ್ಯ ಹೊರದೇಶಕ್ಕೆ ಮಾರಾಟ ಆಗ್ತಾ ಇತ್ತು! ಸತ್ತವರು 30 ಲಕ್ಷಕ್ಕೂ ಜಾಸ್ತಿ. ನಮ್ಮ ಮಲೆನಾಡಿನ ಹಿರಿಯರು ಸರ್ಕಾರ ಕಡ್ಡಾಯವಾಗಿ ವಸೂಲಿ ಮಾಡ್ತಿದ್ದ ಲೆವಿ ಭತ್ತದ ಕಾಲ ನೆನೆಸಿಕೊಂಡು ಸಿಟ್ಟಾಗುತ್ತಾರಲ್ವಾ, ಅಲ್ಲಿ ಬಿತ್ತನೆಗೆ ಅಂತ ಎತ್ತಿಟ್ಟ ಕಾಳನ್ನೂ ಬಿಡಲಿಲ್ಲ.

ಗ್ಯಾರೆತ್ ಜೋನ್ಸ್ ವೇಲ್ಸ್‌ನ ಯುವ ಪತ್ರಕರ್ತ. 1933ರ ಮಾರ್ಚಿನಲ್ಲಿ ಅಧಿಕಾರಿಗಳ ಕಣ್ತಪ್ಪಿಸಿ ಆ ಹಳ್ಳಿಗಳಲ್ಲಿ ನಡೆದಾಡಿ ಬಂದವರು. ಸಿನಿಮಾದಲ್ಲಿ ಅವರು ರೈಲಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಾರೆ. ಸುತ್ತ ಕೂತವರ ಕಣ್ಣೆಲ್ಲ ಆ ಹಣ್ಣಿನ ಮೇಲೆ. ಒಬ್ಬರೂ ಮಾತಾಡಲ್ಲ. ಸಿಪ್ಪೆ ಕೆಳಗೆ ಬಿದ್ದದ್ದೇ ತಡ, ಜನ ಅದರ ಮೇಲೆ ಮುಗಿಬೀಳುತ್ತಾರೆ. ಇದು ಸುಮ್ನೆ ಕಟ್ಟಿದ್ದಲ್ಲ. ತಾನು ಎಸೆದ ಕಿತ್ತಳೆ ಸಿಪ್ಪೆಯನ್ನು ರೈಲಿನಲ್ಲಿ ಒಬ್ಬ ರೈತ ಎತ್ತಿ ತಿಂದ ಅಂತ ಜೋನ್ಸ್ ಅವತ್ತೇ ವರದಿ ಮಾಡಿದ್ದರು. ಹಸಿವು ಅಂದರೆ ಏನು ಅಂತ ತೋರಿಸೋದಕ್ಕೆ ಇದಕ್ಕಿಂತ ಜಾಸ್ತಿ ಬೇಕಿಲ್ಲ.

ಅಷ್ಟೇ ಹೊಟ್ಟೆ ಉರಿಸುವ ಪಾತ್ರ ವಾಲ್ಟರ್ ಡ್ಯೂರಾಂಟಿಯದು. ನ್ಯೂಯಾರ್ಕ್ ಟೈಮ್ಸ್‌ನ ಮಾಸ್ಕೋ ವರದಿಗಾರ, 1932ರಲ್ಲಿ ಪತ್ರಕರ್ತರಿಗೆ ಕೊಡುವ ಪುಲಿಟ್ಜರ್ ಪ್ರಶಸ್ತಿ ಪಡೆದ ದೊಡ್ಡ ಮನುಷ್ಯ, ಜೋನ್ಸ್ ಹೇಳಿದ್ದು ಸುಳ್ಳು ಅನ್ನೋ ಹಾಗೆ ಪತ್ರಿಕೆಯಲ್ಲಿ ಬರೆದುಬಿಟ್ಟ. ಓದಿದವರು ಅವನನ್ನೇ ನಂಬಿದರು. ಪೀಟರ್ ಸಾರ್ಸ್‌ಗಾರ್ಡ್ ಈ ಪಾತ್ರವನ್ನು ಎಷ್ಟು ತಣ್ಣಗೆ ಮಾಡಿದ್ದಾರೆ ಅಂದರೆ ಮೈ ಉರಿಯುತ್ತದೆ.

ಕೊರತೆ ಇಲ್ಲ ಅಂತಲ್ಲ. ನಡುನಡುವೆ ‘ಅನಿಮಲ್ ಫಾರ್ಮ್’ ಬರೆದ ಜಾರ್ಜ್ ಆರ್ವೆಲ್‌ನನ್ನು ತಂದದ್ದು ಓಟಕ್ಕೆ ಅಡ್ಡಿ. ಉಕ್ರೇನಿನ ರೈತರಿಗೆ ಇಲ್ಲಿ ಹೆಸರಾಗಲಿ ಮಾತಾಗಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ನನಗೆ ತುಂಬ ಕಾಡಿದ್ದು ಇದೇ.

ಅದಕ್ಕೇ ಇದರ ಜೊತೆಗೆ ಓಲೆಸ್ ಯಾಂಚುಕ್ ಅವರ ‘ಫ್ಯಾಮಿನ್-33’ ನೋಡಿ, 1991ರದ್ದು. ಒಂದೇ ರೈತ ಕುಟುಂಬದ ಕತೆ, ಮನೆಯ ಒಳಗಿಂದ. ನಿಧಾನ ಇದೆ, ಮಾತು ಕಡಿಮೆ. ಹೆಗ್ಗೋಡಿನ ನೀನಾಸಂ ದೆಸೆಯಿಂದ ನಮ್ಮ ಕಡೆಯವರಿಗೆ ಇಂಥ ಸಿನಿಮಾ ಕೂತು ನೋಡೋದು ಹೊಸದೇನಲ್ಲ. 2017ರ ‘ಬಿಟರ್ ಹಾರ್ವೆಸ್ಟ್’ ಮಾತ್ರ ಬಿಟ್ಟರೂ ನಡೆಯುತ್ತೆ. ಪ್ರೇಮಕತೆ, ಹೊಡೆದಾಟದ ನಡುವೆ ಹಸಿವೇ ಮರೆತುಹೋಗಿದೆ.

‘ಮಿಸ್ಟರ್ ಜೋನ್ಸ್’ ಅನ್ನು ಚಿಕ್ಕ ಮಕ್ಕಳ ಜೊತೆ ನೋಡಬೇಡಿ. ಹೆಣದ ಗಾಡಿಯ ಮೇಲೆ ಜೀವ ಇರುವ ಕೂಸನ್ನು ಹಾಕುವ ದೃಶ್ಯ ಇದೆ, ದೊಡ್ಡವರಿಗೇ ತಡೆಯೋದು ಕಷ್ಟ.