ಅಭ್ಯಾಸದ ಕೋಣೆಯ ಗೋಡೆಗೆ ಮೂರು ಸಂಗೀತ ಪತ್ರಿಕೆಗಳ ಮುಖಪುಟ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ನಾನು ಪಿಟೀಲು ನುಡಿಸಲು ಕೂರುವ ಕೋಣೆಗೆಂದು ಹಳೆಯ ಸಂಗೀತ ಪತ್ರಿಕೆಗಳನ್ನು ತರಿಸಿ, ಮುಖಪುಟಗಳಿಗೆ ಕಟ್ಟು ಹಾಕಿಸಿದೆ. ಮೂರರಲ್ಲಿ ನನಗೆ ಹಿಡಿಸಿದ್ದು 1934ರಲ್ಲಿ ಷಿಕಾಗೋದಲ್ಲಿ ಆರಂಭವಾದ ಜಾಝ್ ಪತ್ರಿಕೆ ‘ಡೌನ್‌ಬೀಟ್’. ನನ್ನಲ್ಲಿರುವ ಸಂಚಿಕೆಯ ಮುಖಪುಟದಲ್ಲಿ ಸ್ಯಾಕ್ಸೋಫೋನ್ ವಾದಕರ ಬೆರಳುಗಳು ಕೀಲಿಗಳ ಮೇಲೆ ಅರ್ಧ ಮಡಿಸಿಕೊಂಡಿವೆ, ವಾದ್ಯದ ಭಾರಕ್ಕೆ ಕೊರಳಪಟ್ಟಿ ಜಗ್ಗಿ ಅಂಗಿಯ ಕಾಲರು ಸುಕ್ಕುಗಟ್ಟಿದೆ. ಈತ ದುಡಿಯುವ ಕಲಾವಿದ ಎಂಬುದು ಹೆಸರು ಓದುವ ಮೊದಲೇ ತಿಳಿಯುತ್ತದೆ.

ಅಮೆರಿಕದ ರಾಕ್ ಸಂಗೀತದ ಪತ್ರಿಕೆ ‘ರೋಲಿಂಗ್ ಸ್ಟೋನ್’ ತೋರಿಸುವುದು ವಾದಕನನ್ನಲ್ಲ, ತಾರೆಯನ್ನು. ಅದರ 1981ರ ಜನವರಿಯ ಹೆಸರಾಂತ ಮುಖಪುಟದಲ್ಲಿ ಬೀಟಲ್ಸ್ ತಂಡದ ಗಾಯಕರಾಗಿದ್ದ ಜಾನ್ ಲೆನನ್ ಬೆತ್ತಲೆಯಾಗಿ, ಪತ್ನಿ ಯೋಕೊ ಓನೊ ಅವರನ್ನು ಮಗುವಿನಂತೆ ತಬ್ಬಿ ಮಲಗಿದ್ದಾರೆ. ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ಅದನ್ನು ತೆಗೆದದ್ದು ಲೆನನ್ ಹತ್ಯೆಯಾದ ದಿನವೇ, 1980ರ ಡಿಸೆಂಬರ್ 8ರಂದು. ಚಿತ್ರ ಅಸಾಧಾರಣವೇ ಸರಿ, ಆದರೆ ಅದರಲ್ಲಿ ಸಂಗೀತದ ಕುರುಹೇ ಇಲ್ಲ. (ಹಬ್ಬಕ್ಕೆ ನೆಂಟರು ಬರುವ ಮನೆಯ ಗೋಡೆಗೆ ಅದು ಒಗ್ಗುವುದೂ ಇಲ್ಲವೆನ್ನಿ.)

ಪಟ್ಟಾಭಿರಾಮನ್ ಅವರು 1983ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಶಾಸ್ತ್ರೀಯ ಸಂಗೀತ-ನೃತ್ಯಗಳ ಪತ್ರಿಕೆ ‘ಶ್ರುತಿ’ಯ ನನ್ನ ಪ್ರತಿಗಳಲ್ಲಿ ವಿದ್ವಾಂಸರ ಗೌರವದ ಭಾವಚಿತ್ರಗಳಿವೆ, ನೋಡುವುದಕ್ಕಿಂತ ಓದಲು ಚೆನ್ನ.

ತೊಂದರೆ ಕೊಟ್ಟದ್ದು ನನ್ನ ಮೆಚ್ಚಿನದ್ದೇ. ಕಟ್ಟು ಹಾಕಿದವರು ಹೊಳಪಿನ ಹಾಳೆಯನ್ನು ನೇರವಾಗಿ ಗಾಜಿಗೆ ಒತ್ತಿ ಮೊಳೆ ಬಡಿದಿದ್ದರು. ಆಷಾಢದ ಮಳೆ ಹಿಡಿದಾಗ ವಾದಕರ ಭುಜದ ಬಳಿ ಎಣ್ಣೆ ಚೆಲ್ಲಿದಂಥ ಕಲೆ ಮೂಡಿ, ಶ್ರಾವಣದ ಹೊತ್ತಿಗೆ ಅಂಗೈಯಗಲ ಹರಡಿತು. ಇಂಥ ಕಾಗದದ ನುಣುಪಾದ ಲೇಪ ತೇವ ಹೀರಿದರೆ ಮೆತ್ತಗಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಬಿಡಿಸಲು ಹೋದಾಗ ಭುಜದ ಕಪ್ಪು ಬಣ್ಣ ಗಾಜಿನಲ್ಲೇ ಉಳಿಯಿತು.

ಅಂಗಡಿಯವರನ್ನು ಕೇಳಿದರೆ ‘ಮಲೆನಾಡಲ್ಲವೇ ಸಾರ್’ ಎಂದು ಮಳೆಯ ಮೇಲೆ ಹಾಕಿದರು. ಇನ್ನೊಬ್ಬರು ಚಿತ್ರದ ಸುತ್ತ ದಪ್ಪ ಮೌಂಟ್ ಬೋರ್ಡಿನ ಅಂಚು ಕೊಟ್ಟು ಗಾಜಿಗೂ ಹಾಳೆಗೂ ನಡುವೆ ಗಾಳಿಗೆ ಎಡೆ ಬಿಟ್ಟರು. ಹಿಂಬದಿಯ ಕೆಳಮೂಲೆಗಳಿಗೆ ಬೂಚಿನ ತುಂಡು ಅಂಟಿಸಿದ್ದರಿಂದ ಕಟ್ಟು ತೇವದ ಗೋಡೆಗೆ ತಾಗುವುದಿಲ್ಲ. ಖರ್ಚು ಮಾತ್ರ ಪತ್ರಿಕೆಯ ಬೆಲೆಯನ್ನೂ ಮೀರಿತು.

ಹಾಗಾಗಿ ಕಟ್ಟು ಒಂದೇ ಸಾಕೆಂದು ನಿರ್ಧರಿಸಿ, ಅದರೊಳಗೆ ‘ಡೌನ್‌ಬೀಟ್’ ಸಂಚಿಕೆಗಳನ್ನೇ ಬದಲಿಸುತ್ತಿದ್ದೇನೆ. ‘ಶ್ರುತಿ’ ಕಪಾಟಿನಲ್ಲಿ ಕೈಗೆಟಕುವಂತಿದೆ. ‘ರೋಲಿಂಗ್ ಸ್ಟೋನ್’ ಪ್ರತಿಗಳನ್ನು ತಂಗಿಯ ಮಗ ಹಾಸನದ ಹಾಸ್ಟೆಲಿಗೆ ಒಯ್ದಿದ್ದಾನೆ.