ಮೂರು ವರ್ಷದ ಶನಿವಾರಗಳು: ಮನೆ ಹತ್ತಿರದ ಜಪಾನೀಸ್ ತರಗತಿ ಹೇಗಿದೆ?

ನಾವಿರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ಇಲ್ಲಿ ಭಾರತೀಯರು ಜಾಸ್ತಿ, ತೊಗರಿಬೇಳೆ ಹುಣಸೆಹಣ್ಣು ಎಲ್ಲ ಸಿಗುತ್ತವೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಹಾಗಾಗಿ ಮೊದಲ ಎರಡು ವರ್ಷ ಜಪಾನೀಸ್ ಇಲ್ಲದೆಯೇ ಕಳೆಯಿತು. ಒಂದು ದಿನ ಬಾಗಿಲಿಗೆ ಕೈರಾನ್‌ಬಾನ್ ಬಂತು. ಅಕ್ಕಪಕ್ಕದವರಿಗೆ ತಿಳಿಯಬೇಕಾದ ಸುದ್ದಿಗಳನ್ನು ಸಿಕ್ಕಿಸಿದ ರಟ್ಟು ಅದು. ಓದಿ, ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಡಬೇಕು. ಒಂದಕ್ಷರವೂ ಅರ್ಥವಾಗದೆ ಐದು ದಿನ ನಮ್ಮಲ್ಲೇ ಉಳಿಯಿತು. ಪಕ್ಕದ ಮನೆಯ ಅಜ್ಜಿ ಬಂದು ಕೇಳಿದಾಗ ತುಂಬಾ ಸಂಕೋಚವಾಯಿತು. ಆ ವಾರವೇ ಸ್ವಯಂಸೇವಕರು ನಡೆಸುವ ಶನಿವಾರದ ತರಗತಿಗೆ ಸೇರಿದೆ. ಒಂದು ಸಲಕ್ಕೆ 100 ಯೆನ್.

ಮೊದಲು ದೂರು ಹೇಳಿಬಿಡುತ್ತೇನೆ. ಇಲ್ಲಿ ಕಲಿಸುವವರು ವಾರ ವಾರ ಬದಲಾಗುತ್ತಾರೆ. ಹೆಸರೇನು, ಯಾವ ದೇಶ, ಏನು ಕೆಲಸ ಅಂತ ಪ್ರತಿ ಸಲ ಮೊದಲಿಂದ ಶುರು. ಕಳೆದ ವಾರ ಪಾಠ ಎಲ್ಲಿಗೆ ನಿಂತಿತ್ತು ಅಂತ ಯಾರೂ ಬರೆದಿಡುವುದಿಲ್ಲ. ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು, ಅವನ್ನಂತೂ ಕೇಳಲೇಬೇಡಿ. ದಿನಬಳಕೆಗೆ ಅಂತ ಸರ್ಕಾರ ಮಾಡಿರುವ ಪಟ್ಟಿಯಲ್ಲೇ 2136 ಇವೆ. ವಾರಕ್ಕೆ ಒಂದೂವರೆ ಗಂಟೆಯಲ್ಲಿ, ಅದೂ ಒಂದು ಕ್ರಮವಿಲ್ಲದೆ, ಎಷ್ಟು ಕಲಿಯಲು ಆಗುತ್ತೆ? ಎರಡನೇ ವರ್ಷ ಡಿಸೆಂಬರಿನ ಜೆಎಲ್‌ಪಿಟಿಯಲ್ಲಿ (ಜಪಾನೀಸ್ ಭಾಷಾ ಪರೀಕ್ಷೆಯಲ್ಲಿ) ಎನ್3, ಅಂದರೆ ಐದು ಹಂತಗಳಲ್ಲಿ ನಡುವಿನದು, ಫೇಲಾಯಿತು. ಸಿಟ್ಟು ಬಂದು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ ಮನೆಯಲ್ಲೇ ಕೂತೆ.

ಮನೆಯಿಂದ ಹೊರಡುವಾಗ ಹೇಳುವ "ಇತ್ತೆಕಿಮಸು" ಅಂದರೆ "ಐ ಆಮ್ ಲೀವಿಂಗ್" ಅಂತ ಆ್ಯಪ್ ಕಲಿಸಿತು. ನಾನೂ ಹಾಗೇ ಬಾಯಿಪಾಠ ಮಾಡಿದೆ.

ಮತ್ತೆ ತರಗತಿಗೆ ಹೋದ ದಿನ ನಿವೃತ್ತರಾದ ಒಬ್ಬ ಹಿರಿಯರು ಸಿಕ್ಕರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆ ಪದವನ್ನು ಹಾಳೆಯ ಮೇಲೆ ಬಿಡಿಸಿ ಬರೆದರು. ಇತ್ತೆ, ಹೋಗಿ. ಕಿಮಸು, ಬರ್ತೀನಿ. ಹೋಗಿ ಬರ್ತೀನಿ! ನನಗೆ ಮೈ ಜುಮ್ ಅಂತು. ಚಿಕ್ಕಂದಿನಲ್ಲಿ "ಹೋಗ್ತೀನಿ" ಅಂದರೆ ನಮ್ಮಜ್ಜಿ ಗದರುತ್ತಿದ್ದರು, "ಹೋಗಿ ಬರ್ತೀನಿ ಅನ್ನು" ಅಂತ. ಅದೇ ಮಾತು ಇಲ್ಲಿಯೂ ಇದೆ ಅಲ್ವಾ!

ಅಲ್ಲಿಂದ ಮುಂದೆ ಇಂಗ್ಲಿಷ್ ಬದಿಗಿಟ್ಟು ಕನ್ನಡದಲ್ಲೇ ಯೋಚಿಸತೊಡಗಿದೆ. "ತಬೆತೆ ಮಿಮಸು" ಅಂದರೆ ತಿಂದು ನೋಡ್ತೀನಿ. "ಕುರು ತೊ ಇಇಮಶಿತ" ಅಂದರೆ ಬರ್ತೀನಿ ಅಂತ ಹೇಳಿದರು. ಆ "ತೊ" ನಮ್ಮ "ಅಂತ". ಕ್ರಿಯಾಪದ ಕೊನೆಗೇ ಬರುತ್ತದೆ. ಒಬಸನ್ ಅಂದರೆ ಅತ್ತೆ ವಯಸ್ಸಿನವರು, ಒಬಾಸನ್ ಅಂದರೆ ಅಜ್ಜಿ. ಒಂದು ದೀರ್ಘದಷ್ಟೇ ವ್ಯತ್ಯಾಸ, ಕನ್ನಡದ ಕಿವಿಗೆ ಅದು ಸುಲಭ. ಆ ದೀರ್ಘ ಸರಿಯಾಗಿ ಹೇಳಿದ್ದಕ್ಕೆ ಹಿರಿಯರು ಚಪ್ಪಾಳೆ ತಟ್ಟಿದರು.

ಈಗ ನನ್ನ ಶನಿವಾರ ಹೀಗೆ. ಬಾಗಿಲಲ್ಲಿ ಶೂ ಬಿಚ್ಚಿ ಚಪ್ಪಲಿ ಹಾಕಿಕೊಳ್ಳುತ್ತೇನೆ. ಯಾರೋ ಬಿಸಿ ಬಾರ್ಲಿ ಟೀ ತಂದಿಡುತ್ತಾರೆ. ಪಠ್ಯಪುಸ್ತಕ ತೆಗೆಯುವುದೇ ಇಲ್ಲ. ಆ ವಾರ ಮನೆಗೆ ಬಂದ ಕಾಗದಗಳನ್ನು ಮೇಜಿನ ಮೇಲೆ ಹರಡುತ್ತೇನೆ: ಯಾವ ದಿನ ಯಾವ ಕಸ ಅನ್ನುವ ಕ್ಯಾಲೆಂಡರ್, ನೀರಿನ ಬಿಲ್ಲು, ಕೈರಾನ್‌ಬಾನಿನ ಫೋಟೊ. ಎದುರಿಗೆ ಕೂತವರು ಬೆರಳಿಟ್ಟು ಒಂದೊಂದೇ ಸಾಲು ಓದಿಸುತ್ತಾರೆ. ಕಲಿಸುವವರು ಬದಲಾದರೂ ಈಗ ತೊಂದರೆಯಿಲ್ಲ, ಪಾಠ ನನ್ನ ಚೀಲದಲ್ಲೇ ಇರುತ್ತದೆ.

ಡಿಸೆಂಬರಿನ ಪರೀಕ್ಷೆಯಲ್ಲಿ ಇನ್ನೂ ಒಂದು ಹಂತ ಮೇಲಿನ ಎನ್2 ಬೇಕೇಬೇಕು ಅನ್ನುವವರು ದುಡ್ಡು ಕೊಟ್ಟು ಒಳ್ಳೆ ಶಾಲೆ ಸೇರಿ. ಆದರೆ ಆ ಪರೀಕ್ಷೆಯಲ್ಲಿ ಮಾತಾಡಿಸುವುದೇ ಇಲ್ಲ. ನೆರೆಹೊರೆಯವರ ಜೊತೆ ಮಾತಾಡಬೇಕು ಅಂದರೆ ಈ 100 ಯೆನ್‌ಗಿಂತ ಒಳ್ಳೆ ಖರ್ಚು ನಾನು ಕಂಡಿಲ್ಲ. ಆ್ಯಪ್ ಚಂದಾ ಮುಂದುವರಿಸಲಿಲ್ಲ.

ಬೆಳಿಗ್ಗೆ ಬಾಗಿಲ ಮುಂದೆ ಗುಡಿಸುತ್ತಾ ಪಕ್ಕದ ಮನೆಯ ಅಜ್ಜಿ "ಇತ್ತೆರಶ್ಶೈ" ಅನ್ನುತ್ತಾರೆ, ಹೋಗಿ ಬನ್ನಿ ಅಂತ. ಕೈರಾನ್‌ಬಾನ್ ಈಗ ಬಂದ ಸಂಜೆಯೇ ಅವರ ಕೈ ಸೇರುತ್ತದೆ. ಮುಂದಿನ ಶನಿವಾರ ಮಗಳ ಶಾಲೆಯ ಚೀಟಿ ಓದಿಸಿಕೊಳ್ಳಬೇಕು. ಈಜಿನ ದಿನ ಏನೇನು ಕಳಿಸಬೇಕು ಅಂತ ಎರಡು ಪುಟ ಬರೆದಿದ್ದಾರೆ.