30×40 ಸೈಟು: ಆರು ಬಾಡಿಗೆ ಮನೆಯೋ, ಒಂದೇ ಸಂಸಾರದ ಮನೆಯೋ?

ಬೆಂಗಳೂರಿನಲ್ಲಿ 30×40 ಸೈಟು ಕೈಗೆ ಬಂದರೆ ಸಾಕು, ಗ್ರೌಂಡ್ ಪ್ಲಸ್ ಎರಡು ಎಬ್ಬಿಸಿ ಮಹಡಿಗೆ ಎರಡರಂತೆ ಆರು ಒನ್ ಬಿಎಚ್‌ಕೆ ಮಾಡಿಬಿಡಿ ಎನ್ನುವವರೇ ಹೆಚ್ಚು. ಬಾಡಿಗೆ ಕೂಡಿಸಿದರೆ ಆರು ಮನೆಗಳೇ ಮುಂದು. ಒಂದು ಖಾಲಿಯಾದರೂ ಐದರ ಬಾಡಿಗೆ ಬರುತ್ತದೆ. ಒಂದೇ ಸಂಸಾರಕ್ಕೆ ಕಟ್ಟಿದ ಇಂಡಿಪೆಂಡೆಂಟ್ ಮನೆ ಖಾಲಿ ಬಿದ್ದ ತಿಂಗಳು ಕೈಗೆ ಸೊನ್ನೆ. ಇಷ್ಟು ನಿಜ. ಹೊಡೆತ ಬೀಳುವುದು ಆರೂ ಮನೆ ಹಂಚಿಕೊಳ್ಳುವ ಸಂಪು, ಪೈಪು, ಮೀಟರುಗಳಲ್ಲಿ.

ಮೊದಲು ನೀರು. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಆರು ಮನೆಯ 18 ಜನಕ್ಕೆ 2,430 ಲೀಟರ್ ಬೇಕು. 6,000 ಲೀಟರಿನ ಸಂಪು ಎರಡೂವರೆ ದಿನಕ್ಕೇ ತಳ ಕಾಣುತ್ತದೆ. ನಾಲ್ಕು ಜನರ ಸಂಸಾರಕ್ಕೆ ಅದೇ ಸಂಪು 11 ದಿನ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ನಿಗದಿ ಮಾಡಿತ್ತು. ಪೂರ್ತಿ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡರೆ ಆ ದರದಲ್ಲೂ ತಿಂಗಳಿಗೆ ಹನ್ನೆರಡು ಲೋಡು, 7,200 ರೂಪಾಯಿ. ಯಾರು ಎಷ್ಟು ಬಳಸಿದರು ಎಂಬ ಜಗಳ ಬೇರೆ. ಕಟ್ಟುವಾಗಲೇ ಮನೆಗೊಂದು ನೀರಿನ ಮೀಟರು ಕೂರಿಸಿ.

ಅದಕ್ಕಿಂತ ಕೆಟ್ಟದ್ದು ಡ್ರೈನೇಜು. ಮೇಲಿನ ಬಾತ್‌ರೂಮುಗಳೆಲ್ಲ ಒಂದೇ 4 ಇಂಚಿನ ಪೈಪಿಗೆ ಇಳಿಯುತ್ತವೆ. ಕೂದಲು, ಸ್ಯಾನಿಟರಿ ಪ್ಯಾಡು, ವೆಟ್ ವೈಪ್ಸು ಕೆಳಗಿನ ಬೆಂಡಿನಲ್ಲಿ ಸಿಕ್ಕಿಕೊಂಡರೆ ಮೇಲಿನವರಿಗೆ ಗೊತ್ತೇ ಆಗುವುದಿಲ್ಲ; ಕೊಳಚೆ ಉಕ್ಕುವುದು ಗ್ರೌಂಡ್ ಫ್ಲೋರಿನ ಫ್ಲೋರ್ ಟ್ರ್ಯಾಪಿನಲ್ಲಿ, ಅಂದರೆ ಬಾತ್‌ರೂಮಿನ ನೆಲದ ನೀರು ಹೋಗುವ ತೂತಿನಲ್ಲಿ. ಮನೆ ಬಿಡುವ ಮೊದಲಿಗರೂ ಆ ಕೆಳಗಿನವರೇ. ಬುಡದಲ್ಲಿ ಒಂದೇ 90 ಡಿಗ್ರಿ ಬೆಂಡಿನ ಬದಲು 45ರ ಎರಡು ಬೆಂಡು, ಕಟ್ಟಿಕೊಂಡದ್ದನ್ನು ತೆಗೆಯಲು ಪೈಪಿನಲ್ಲಿ ಅಲ್ಲೇ ತೆರೆಯಲು ಬರುವ ಒಂದು ಬಾಗಿಲು, ಅಡುಗೆಮನೆಗೆ ಬೇರೆ ಲೈನು: ಈ ಮೂರನ್ನು ಮೇಸ್ತ್ರಿಗೆ ಬಿಡಬೇಡಿ, ನಿಂತು ಮಾಡಿಸಿ.

ದುಡ್ಡು ಉಳಿಸಲು ಒಂದೇ ವಿದ್ಯುತ್ ಮೀಟರು ಹಾಕಿಸಿ ಸಬ್‌ಮೀಟರು ಕೊಟ್ಟರೆ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಕೈತಪ್ಪುತ್ತದೆ: ಆರು ಮನೆಯ ಬಳಕೆ ಒಂದೇ ಬಿಲ್ಲಿಗೆ ಸೇರಿ 200 ಯೂನಿಟ್ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಗೊಂದು ಮೀಟರಿದ್ದರೂ ಖಾಲಿ ಮಾಡುವವರ ಆಧಾರ್ ಅನ್ನು ಆ ಮೀಟರಿನ ಗೃಹಜ್ಯೋತಿ ಖಾತೆಯಿಂದ ಡಿ-ಲಿಂಕ್ ಮಾಡಿಸಿಯೇ ಅಡ್ವಾನ್ಸ್ ವಾಪಸ್ ಕೊಡಿ, ಇಲ್ಲವಾದರೆ ಹೊಸಬರ ನೋಂದಣಿಗೆ ತೊಡಕು. ಪಂಪು, ಮೆಟ್ಟಿಲ ದೀಪದ ಕಾಮನ್ ಮೀಟರು ಮಾಲೀಕರ ತಲೆಗೇ.

ಒನ್ ಬಿಎಚ್‌ಕೆಗೆ ಬರುವವರು ಹೆಚ್ಚಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಹೊಸ ದಂಪತಿ. 11 ತಿಂಗಳ ಕರಾರು ಮುಗಿಯುವಷ್ಟರಲ್ಲಿ ಕಂಪನಿ ಬದಲು, ಮನೆಯೂ ಬದಲು. ಪ್ರತಿ ಸಲ ಬಣ್ಣ, ನಲ್ಲಿ ರಿಪೇರಿ, ಎರಡು ಮೂರು ವಾರ ಬೀಗ. ಮಕ್ಕಳನ್ನು ಪಕ್ಕದ ಶಾಲೆಗೆ ಸೇರಿಸಿದ ಸಂಸಾರ ಹಾಗೆ ಏಳುವುದಿಲ್ಲ.

ಮಾರುವ ಹೊತ್ತಿಗೂ ವ್ಯತ್ಯಾಸವಿದೆ. ಇಂಡಿಪೆಂಡೆಂಟ್ ಮನೆಯನ್ನು ವಾಸಕ್ಕೆ ಬೇಕಾದವರೂ ಕೇಳುತ್ತಾರೆ. ಬಾಡಿಗೆ ಕಟ್ಟಡಕ್ಕೆ ಬರುವವರು ಬಾಡಿಗೆಯನ್ನೇ ಅಳೆದು ಬೆಲೆ ಹೇಳುತ್ತಾರೆ. ಪ್ಲಾನ್ ಮೀರಿ ಮಹಡಿ ಏರಿಸಿದ್ದರೆ ಅವರಿಗೆ ಬ್ಯಾಂಕ್ ಸಾಲ ಸಿಗುವುದೂ ಕಷ್ಟ.

ಅದೇ ಕಟ್ಟಡದಲ್ಲಿ ವಾಸವಿದ್ದು ಸಂಪಿನ ಮುಚ್ಚಳ ತೆಗೆದು ನೋಡಬಲ್ಲವರಿಗೆ ಆರು ಮನೆ ಸರಿ. ದುಬೈಯಲ್ಲೋ ಅಮೆರಿಕದಲ್ಲೋ ಕೂತು ಬೆಂಗಳೂರಿನ ಬಾಡಿಗೆ ಎಣಿಸುವವರು ಒಂದೇ ಮನೆ ಕಟ್ಟಿಸಲಿ.